ನಾಮಿನಿ ಇದ್ದರೂ ಕೋರ್ಟಿಗೇಕೆ?

ತೀರಿಹೋದವರ ಖಾತೆಯ ಹಣ ಕೇಳಿ ಬಂದ ನಾಮಿನಿಯನ್ನು ‘ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ’ ಎಂದು ಕೌಂಟರಿನಿಂದಲೇ ಸಾಗಹಾಕುವುದು ಎಚ್ಚರಿಕೆಯಂತೆ ಕಂಡರೂ ನಿಜದಲ್ಲಿ ಹೊಣೆ ಜಾರಿಸುವ ಜಾಣತನ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಆ ಪತ್ರ ಪಡೆಯಲು ಅರ್ಜಿ ಹಾಕಬೇಕು, ಬಂಧುಗಳಿಗೆ ನೋಟಿಸ್ ಹೋಗಬೇಕು, ಮೊತ್ತಕ್ಕೆ ತಕ್ಕ ಶುಲ್ಕ ಕಟ್ಟಬೇಕು. ಸಣ್ಣ ಠೇವಣಿಯಾದರೆ ವಕೀಲರ ಖರ್ಚಿಗೇ ಅದರ ದೊಡ್ಡ ಪಾಲು ಕರಗುತ್ತದೆ. ನಾಮಿನಿಯೇ ಹಣ ನುಂಗಿದರೆ ಉಳಿದ ಮಕ್ಕಳ ಗತಿಯೇನು ಎಂಬ ಆಕ್ಷೇಪ ಸಣ್ಣದಲ್ಲ. ಆದರೆ ಕಾನೂನು ಅದಕ್ಕೆ ಉತ್ತರ ಕೊಟ್ಟಾಗಿದೆ. ಬ್ಯಾಂಕ್ ಠೇವಣಿಯ ನಾಮಿನಿಗೆ ಹಣ ಪಡೆಯುವ ಹಕ್ಕಿದೆಯೇ ಹೊರತು ಮಾಲೀಕತ್ವ ಇಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹಣ ಕೊಟ್ಟೊಡನೆ ಬ್ಯಾಂಕಿನ ಹೊಣೆ ತೀರುತ್ತದೆ, ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ. ಮೋಸವಾದರೆ ನಾಮಿನಿಯ ಮೇಲೆ ದಾವೆ ಹೂಡಬಹುದು. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನಗಳ ಪ್ರಕಾರವೂ ನಾಮಿನಿ ಇದ್ದಲ್ಲಿ ಈ ಪತ್ರ ಕೇಳುವಂತಿಲ್ಲ, ದಾಖಲೆಗಳು ಪೂರ್ತಿ ಸಿಕ್ಕ 15 ದಿನಗಳೊಳಗೆ ಇತ್ಯರ್ಥವಾಗಬೇಕು. ನಾಮಿನಿ ಇಲ್ಲದಿದ್ದರೂ, ತಕರಾರು ಇಲ್ಲದಿದ್ದರೆ, ವಾಣಿಜ್ಯ ಬ್ಯಾಂಕುಗಳಲ್ಲಿ ಕನಿಷ್ಠ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿವರೆಗೆ ಸರಳ ದಾರಿಯಿದೆ. ಕೋರ್ಟಿನ ಪತ್ರ ಜಗಳವಿದ್ದಲ್ಲಿ ಬೇಕು. ಜಗಳವೇ ಇಲ್ಲದ ಮನೆಯಿಂದ ಅದನ್ನು ಕೇಳುವ ಬ್ಯಾಂಕು ತನ್ನ ಭಯದ ಖರ್ಚನ್ನು ಗ್ರಾಹಕರ ತಲೆಗೆ ಕಟ್ಟುತ್ತಿದೆ.