ಮರಳುವ ದಾರಿಯನ್ನು ಮೊದಲು ನೋಡಿ

ಬಾಗಲಕೋಟೆಯಿಂದ ಬೆಳಗಾವಿಯ ಕಡೆಗೆ ಸಾಗುವ ರಸ್ತೆಯಲ್ಲಿರುವ ತುಳಸಿಗೇರಿ, ಹನುಮಪ್ಪನ ಊರೆಂದೇ ಸುತ್ತಲಿನ ಜನರಿಗೆ ಪರಿಚಿತ. ಈಚೆಗೆ ಅಲ್ಲಿಗೆ ಹೋಗಿದ್ದಾಗ ಪರಿಚಯದ ರೈತರೊಬ್ಬರು ಬಣ್ಣದ ಕರಪತ್ರವೊಂದನ್ನು ನನ್ನ ಕೈಗಿತ್ತರು. ಮಧ್ಯ ಏಷ್ಯಾದ ದೇಶವೊಂದರಲ್ಲಿ ವೈದ್ಯಕೀಯ ಪದವಿ, ಕಡಿಮೆ ಶುಲ್ಕ, ‘ಎನ್‌ಎಂಸಿ ಮಾನ್ಯತೆ’ ಎಂಬ ಭರವಸೆಗಳು ಅದರಲ್ಲಿದ್ದವು. ಅವರ ಮಗಳು ನೀಟ್‌ನಲ್ಲಿ ಅರ್ಹತೆ ಪಡೆದಿದ್ದಾಳೆ. ಆದರೆ ಸರ್ಕಾರಿ ಸೀಟು ದೊರೆಯುವಷ್ಟು ಅಂಕಗಳಿಲ್ಲ. ‘ಹದಿನೈದು ದಿನದಾಗ ಮುಂಗಡ ಕಟ್ಟಬೇಕಂತ್ರಿ ಸರ. ಎರಡು ಎಕರೆ ಮಾರಿದ್ರ ಮೊದಲನೇ ವರ್ಷದ್ದು ಆಕ್ಕೈತಿ. ಕಳಸಲೇನ್ರಿ?’ ಎಂದು ಕೇಳಿದರು.

ಹೋಗುವ ದಾರಿಯ ಲೆಕ್ಕ ಅವರ ಬಳಿ ಇತ್ತು. ಮರಳಿ ಬರುವ ದಾರಿಯ ಲೆಕ್ಕವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಆ ಲೆಕ್ಕ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಕರ್ನಾಟಕ 2022ರಲ್ಲಿ ಕಂಡಿದೆ. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಆ ವರ್ಷದ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದರು. ಪಿಯುಸಿಯಲ್ಲಿ ಶೇ 97ರಷ್ಟು ಅಂಕ ಬಂದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವರ ತಂದೆ ಅಂದು ನೊಂದು ನುಡಿದಿದ್ದರು. ಜೀವ ಉಳಿಸಿಕೊಂಡು ಬಂದ ಸಾವಿರಾರು ವಿದ್ಯಾರ್ಥಿಗಳಿಗೆ ಭಾರತದ ಕಾಲೇಜುಗಳಲ್ಲಿ ಪ್ರವೇಶ ದೊರೆಯಲಿಲ್ಲ. ಬೇರೆ ದೇಶದ ಕಾಲೇಜುಗಳಿಗೆ ತೆರಳುವ ಅನುಮತಿ ಬಂದದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ.

ಯುದ್ಧವನ್ನು ಯಾರೂ ಮುಂಚಿತವಾಗಿ ಊಹಿಸಲಾರರು, ನಿಜ. ಆದರೆ ನಿಯಮಗಳನ್ನು ಮುಂಚಿತವಾಗಿ ಓದಬಹುದು. 2021ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮಾವಳಿಯ ಪ್ರಕಾರ, ವಿದೇಶಿ ಕೋರ್ಸ್ ಕನಿಷ್ಠ 54 ತಿಂಗಳಿನದಾಗಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಿ, ಭಾರತದಲ್ಲಿ ಮತ್ತೆ 12 ತಿಂಗಳು ಮಾಡಬೇಕು, ಆ ಪದವಿಯಿಂದ ಆ ದೇಶದಲ್ಲಿಯೇ ವೈದ್ಯವೃತ್ತಿ ನಡೆಸುವ ಅರ್ಹತೆ ಲಭಿಸಬೇಕು. ಫಿಲಿಪ್ಪೀನ್ಸ್‌ನ ನಾಲ್ಕು ವರ್ಷದ ಎಂ.ಡಿ. ಪದವಿಯನ್ನು ನಂಬಿ ಹೊರಟಿದ್ದವರು ಎಡವಿದ್ದು ಈ 54 ತಿಂಗಳ ಷರತ್ತಿನಲ್ಲಿಯೇ. ಇದಾದ ಬಳಿಕ 300 ಅಂಕಗಳಿಗೆ ಕನಿಷ್ಠ 150 ಗಳಿಸಬೇಕಾದ ಎಫ್‌ಎಂಜಿಇ ಪರೀಕ್ಷೆ ಇದೆ. ಬಹುತೇಕ ಬಾರಿ ಅದಕ್ಕೆ ಕುಳಿತವರಲ್ಲಿ ಅರ್ಧದಷ್ಟು ಮಂದಿಯೂ ತೇರ್ಗಡೆಯಾಗುವುದಿಲ್ಲ. ಇನ್ನು ಕರಪತ್ರದ ‘ಎನ್‌ಎಂಸಿ ಮಾನ್ಯತೆ’ಯ ಮಾತು. ಆಯೋಗವು ವಿದೇಶಿ ಕಾಲೇಜುಗಳಿಗೆ ಅಂಥ ಮಾನ್ಯತೆ ನೀಡುವುದೇ ಇಲ್ಲ. ಷರತ್ತುಗಳನ್ನು ವಿಧಿಸುತ್ತದೆ, ಅವುಗಳನ್ನು ಪರಿಶೀಲಿಸುವ ಹೊಣೆ ವಿದ್ಯಾರ್ಥಿಯದು.

ಹಣದ ವಿಷಯದಲ್ಲೂ ಇದೇ ಕಥೆ. 2022ರ ಆರಂಭದಲ್ಲಿ ಸುಮಾರು 75 ರೂಪಾಯಿ ಇದ್ದ ಡಾಲರ್ 2025ರ ಡಿಸೆಂಬರ್‌ನಲ್ಲಿ 90 ರೂಪಾಯಿ ದಾಟಿತು. ವರ್ಷಕ್ಕೆ 5,000 ಡಾಲರ್ ಶುಲ್ಕವೆಂದರೆ, ಕಾಲೇಜು ಒಂದು ಡಾಲರನ್ನೂ ಏರಿಸದೆ ತಂದೆಯ ಮೇಲೆ 75 ಸಾವಿರ ರೂಪಾಯಿಯ ಹೆಚ್ಚುವರಿ ಹೊರೆ ಬಿದ್ದಂತಾಯಿತು. ಬ್ಯಾಂಕ್ ಸಾಲವೂ ರೈತನಿಗೆ ಸುಲಭವಲ್ಲ. 2002ರ ಸರ್ಫೇಸಿ ಕಾಯ್ದೆಯಡಿ ಕೃಷಿಭೂಮಿಯನ್ನು ಜಪ್ತಿ ಮಾಡಲು ಬರುವುದಿಲ್ಲವಾದ್ದರಿಂದ, ದೊಡ್ಡ ಮೊತ್ತದ ಸಾಲಕ್ಕೆ ಹೊಲವನ್ನು ಭದ್ರತೆಯಾಗಿ ಪಡೆಯಲು ಬ್ಯಾಂಕುಗಳು ಹಿಂಜರಿಯುತ್ತವೆ. ರೈತನನ್ನು ಕಾಪಾಡಬೇಕಾದ ವಿನಾಯಿತಿಯೇ ಇಲ್ಲಿ ಅವನನ್ನು ಖಾಸಗಿ ಸಾಲಕ್ಕೆ, ಇಲ್ಲವೇ ಹೊಲ ಮಾರಾಟಕ್ಕೆ ದೂಡುತ್ತದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಯವರಿಗೂ ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ಉಂಟು. ಆದರೆ ಅದು ಸ್ನಾತಕೋತ್ತರ ಹಾಗೂ ಪಿಎಚ್‌.ಡಿ. ವ್ಯಾಸಂಗಕ್ಕೆ ಮಾತ್ರ.

ಹಾಗೆಂದು ಹಳ್ಳಿಯ ಮಕ್ಕಳು ಹೊರದೇಶಕ್ಕೆ ಹೋಗಬಾರದೆಂಬುದು ನನ್ನ ವಾದವಲ್ಲ. ಹೋಗಲಿ, ಆದರೆ ತಿಳಿದು ಹೋಗಲಿ. ಊರೂರಿಗೆ ಏಜೆಂಟರು ತಲುಪುತ್ತಾರೆ. ಸರ್ಕಾರದ ಒಂದು ಪುಟದ ಕನ್ನಡ ತಿಳಿವಳಿಕೆ ಪತ್ರ ಮಾತ್ರ ತಲುಪುವುದಿಲ್ಲ. ನೀಟ್ ಫಲಿತಾಂಶದ ವಾರದಲ್ಲಿ ಪದವಿಪೂರ್ವ ಶಿಕ್ಷಣ ಇಲಾಖೆ ಪ್ರತಿ ತಾಲ್ಲೂಕಿನಲ್ಲಿ ಒಂದು ದಿನದ ಮಾಹಿತಿ ಸಭೆ ನಡೆಸಿದರೆ ಬೊಕ್ಕಸವೇನೂ ಬರಿದಾಗದು.

ತುಳಸಿಗೇರಿಯ ಆ ತಂದೆಗೆ ನಾನು ‘ಕಳಿಸಿ’ ಎಂದೂ ಹೇಳಲಿಲ್ಲ, ‘ಬೇಡ’ ಎಂದೂ ಹೇಳಲಿಲ್ಲ. ಕೋರ್ಸ್ ಎಷ್ಟು ತಿಂಗಳಿನದು, ಇಂಟರ್ನ್‌ಶಿಪ್ ಎಲ್ಲಿ, ಆ ದೇಶದಲ್ಲಿ ವೃತ್ತಿ ನಡೆಸಲು ಪರವಾನಗಿ ಸಿಗುವುದೇ, ಕೊನೆಯ ವರ್ಷದವರೆಗಿನ ಒಟ್ಟು ವೆಚ್ಚವೆಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು ಅದೇ ಕರಪತ್ರದ ಹಿಂಬದಿಯಲ್ಲಿ ಬರೆದುಕೊಟ್ಟೆ. ಇವಕ್ಕೆ ಕಾಲೇಜಿನಿಂದಲೇ ಲಿಖಿತ ಉತ್ತರ ಬರುವವರೆಗೆ ಹೊಲದ ಕಾಗದಕ್ಕೆ ರುಜು ಹಾಕಬೇಡಿ ಎಂದೆ. ಅವರು ಕರಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು. ಹದಿನೈದು ದಿನಗಳ ಗಡುವು ಏಜೆಂಟನದು. ಹೊಲ ಅವರದು, ಭವಿಷ್ಯ ಅವರ ಮಗಳದು.