ಕಳೆದುಕೊಂಡವರು ಯಾರು?

ಹೋದ ಚಳಿಗಾಲದಲ್ಲಿ ಬೆಂಗಳೂರಿನ ಗೆಳೆಯರೊಬ್ಬರು ಕಸ್ಬಾದ ನಮ್ಮ ಮನೆಯಲ್ಲಿ ಎರಡು ದಿನ ತಂಗಿದ್ದರು. ಬೆಳಿಗ್ಗೆ ಅವರ ಚೀಲದಿಂದ ಹೊರಬಂದದ್ದು ಜರ್ಮನಿಯ ಜೋಲಿಂಗನ್ನಿನಲ್ಲಿ ತಯಾರಾದ ಮಡಚುವ ಕ್ಷೌರದ ಕತ್ತಿ. ಜೊತೆಗೆ ಅದನ್ನು ಮಸೆಯುವ ತೊಗಲ ಪಟ್ಟಿ, ಕುಂಚ, ಮರದ ಬಟ್ಟಲಿನಲ್ಲಿ ಸಾಬೂನು. ಅರ್ಧ ತಾಸು ಕನ್ನಡಿಯ ಮುಂದಿದ್ದು ಹೊರಬಂದವರ ಮುಖದಲ್ಲಿ ಧ್ಯಾನ ಮುಗಿಸಿ ಎದ್ದವರ ಕಳೆಯಿತ್ತು. ‘ಎಂಥ ಕಲೆಯನ್ನು ನಾವು ಕಳೆದುಕೊಂಡುಬಿಟ್ಟೆವು ನೋಡಿ’ ಎಂದರು.

ಆ ‘ನಾವು’ ಎಂಬ ಮಾತಿನ ಮೇಲೆ ನನ್ನ ತಕರಾರಿದೆ. ಆದರೆ ಅದಕ್ಕೂ ಮೊದಲು ಒಪ್ಪಿಕೊಳ್ಳಬೇಕಾದದ್ದೊಂದಿದೆ: ಮರುವಾರವೇ ನಾನೂ ಒಂದು ಕತ್ತಿ ತರಿಸಿದೆ. ದೂರ ನಿಂತವನ ಟೀಕೆ ಇದಲ್ಲ.

ಕಲಿಕೆ ಸುಲಭವಾಗಿರಲಿಲ್ಲ. ಬಿಸಿನೀರಿನಿಂದ ಗಡ್ಡವನ್ನು ನೆನೆಸಿ, ನೊರೆ ಹಚ್ಚಿ, ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಅಲಗು ಕೆನ್ನೆಗೆ ಸುಮಾರು 30 ಡಿಗ್ರಿ ಓರೆಯಾಗಿರಬೇಕು. ಹೆಚ್ಚಾದರೆ ಗಾಯ, ಕಡಿಮೆಯಾದರೆ ಕೂದಲು ಕತ್ತರಿಸದೆ ಕಿತ್ತುಬರುತ್ತದೆ. ಅಲಗನ್ನು ಅಡ್ಡಕ್ಕೆ ಜಾರಿಸಿದರಂತೂ ಮುಗಿಯಿತು. ಮೊದಲ ಕೆಲವು ವಾರ ಕೆನ್ನೆಯನ್ನಷ್ಟೇ ಮಾಡಿಕೊಂಡು, ಗದ್ದ ಮತ್ತು ಮೇಲ್ದುಟಿಯನ್ನು ಬೇರೆ ರೇಜರಿಗೆ ಬಿಡುವುದು ವಿವೇಕ. ನನಗೆ ಆ ವಿವೇಕವಿರಲಿಲ್ಲ. ಮೂರನೆಯ ದಿನ ದವಡೆಯ ತಿರುವಿನಲ್ಲಿ ಒಂದು ಅಂಗುಲದ ಗೀರು ಬಿತ್ತು. ಹತ್ತಿ ಅಂಟಿಸಿಕೊಂಡು ಕಚೇರಿಗೆ ಹೋದವನನ್ನು ಎಲ್ಲರೂ ‘ಕೀ ಹೊಲೊ ದಾದಾ’ ಎಂದು ವಿಚಾರಿಸಿದರು.

ಆ ಭಾನುವಾರ ಕತ್ತಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬೋಸ್‌ಪುಕುರಿನ ಒಂದು ಗೋಡೆಯ ಬಳಿಗೆ ಹೋದೆ. ಅಲ್ಲಿ ಬಿಹಾರದ ಸಮಸ್ತಿಪುರ ಕಡೆಯ ಕ್ಷೌರಿಕರೊಬ್ಬರು ಕೂರುತ್ತಾರೆ. ಮೊಳೆಗೆ ತೂಗುಹಾಕಿದ ಕನ್ನಡಿ, ಗಿರಾಕಿ ಕೂರಲು ಪೇರಿಸಿದ ಇಟ್ಟಿಗೆ. ಇಟ್ಟಿಗೆಗೆ ಬಂಗಾಳಿಯಲ್ಲಿ ‘ಇಟ್’ ಎನ್ನುವುದರಿಂದ ಇಂಥ ಅಂಗಡಿಗೆ ಇಲ್ಲಿನವರು ‘ಇಟಾಲಿಯನ್ ಸೆಲೂನ್’ ಎಂದು ತಮಾಷೆ ಮಾಡುತ್ತಾರೆ. ಅವರು ನನ್ನ ಗಾಯಕ್ಕೆ ಪಟಿಕ ಉಜ್ಜಿ, ಅಲಗನ್ನು ಮುಂಗೈಯ ಕೂದಲಿಗೆ ಸೋಕಿಸಿ ನೋಡಿ ನಕ್ಕರು. ಇದಕ್ಕೆ ಧಾರೆಯೇ ಬಂದಿಲ್ಲ, ಮೊಂಡು ಕತ್ತಿಯೇ ಮನುಷ್ಯನನ್ನು ಕೊಯ್ಯುವುದು ಎಂದರು. ಮತ್ತೆ ಸಣ್ಣ ಕಲ್ಲೊಂದನ್ನು ನೀರಿನಲ್ಲಿ ನೆನೆಸಿ ಬಹಳ ಹೊತ್ತು ಸಾಣೆ ಹಿಡಿದರು. ಕೊನೆಗೆ ತಮ್ಮ ಅಂಗೈಯನ್ನೇ ತೊಗಲ ಪಟ್ಟಿ ಮಾಡಿಕೊಂಡು ಮಸೆದರು: ಕತ್ತಿಯ ಬೆನ್ನು ಮುಂದೆ, ಅಲಗು ಹಿಂದೆ, ತುದಿ ತಲುಪಿದಾಗ ಬೆನ್ನಿನ ಮೇಲೆಯೇ ಮಗುಚಿ ಮರಳಿ. ನನ್ನ ಗೆಳೆಯರು ದುಡ್ಡು ಕೊಟ್ಟು ತರಿಸಿದ ಪಟ್ಟಿ ಮಾಡುವ ಕೆಲಸವನ್ನು ಆ ಅಂಗೈ ಮಾಡುತ್ತಿತ್ತು. ಈಗ ಅವರೂ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯನ್ನೇ ಬಳಸುತ್ತಾರೆ. ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಬೇಕು. ಅದು ಸರಿಯೂ ಹೌದು. ತಂದೆಯ ಹಳೆಯ ಕತ್ತಿ ಊರಿನ ಪೆಟ್ಟಿಗೆಯಲ್ಲಿದೆಯಂತೆ. ಮಗನಿಗೆ ಈ ವಿದ್ಯೆ ಬೇಡವಾಗಿದೆ.

ಸಮಸ್ತಿಪುರ ಕರ್ಪೂರಿ ಠಾಕೂರರ ಜಿಲ್ಲೆ. ಕ್ಷೌರಿಕ ಕುಲದಲ್ಲಿ ಹುಟ್ಟಿ ಎರಡು ಬಾರಿ ಬಿಹಾರದ ಮುಖ್ಯಮಂತ್ರಿಯಾದವರು. 2024ರಲ್ಲಿ, ತೀರಿಕೊಂಡ 36 ವರ್ಷಗಳ ಮೇಲೆ, ಅವರಿಗೆ ಭಾರತರತ್ನ ಬಂತು. 1978ರಲ್ಲಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಉದ್ಯೋಗಗಳಲ್ಲಿ ಮೀಸಲಾತಿ ತಂದಾಗ ವಿರೋಧಿಗಳು ಬೀದಿಯಲ್ಲಿ ಕೂಗಿದ್ದು, ಗಾದಿ ಬಿಟ್ಟು ಉಸ್ತರಾ ಹಿಡಿ ಎಂದು. ಉಸ್ತರಾ ಎಂದರೆ ಇದೇ ಕತ್ತಿ. ಮುಖ್ಯಮಂತ್ರಿಯನ್ನು ಹೀಯಾಳಿಸಲು ಸಾಕಾಗಿದ್ದ ಈ ವಸ್ತುವನ್ನು ನಾವಿಂದು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಿದ್ದೇವೆ.

ಬಿಹಾರವನ್ನು ಬೆರಳು ಮಾಡಿ ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ. ಎಂಬತ್ತರ ದಶಕದಲ್ಲಿ ಹಾಸನ ಜಿಲ್ಲೆಯ ನಮ್ಮೂರಿನ ಮನೆಗೆ ತಿಂಗಳಿಗೆರಡು ಸಲ ಕ್ಷೌರಕ್ಕೆ ಬರುತ್ತಿದ್ದವರು ಹಿತ್ತಿಲಿನಿಂದ ಒಳಗೆ ಕಾಲಿಟ್ಟವರಲ್ಲ. ಕ್ಷೌರ ಮಾಡಿಸಿಕೊಂಡ ನಾವೂ ಮಿಂದ ಮೇಲೆಯೇ ಒಳಗೆ ಹೋಗಬೇಕು. ಅಷ್ಟು ಮೈಲಿಗೆ ಆ ಕೈ. ಅದೇ ಕೈ ಮದುವೆಯ ದಿನ ವಾಲಗ ಹಿಡಿಯುತ್ತಿತ್ತು. ಅದರ ನಾದವಿಲ್ಲದೆ ತಾಳಿ ಕಟ್ಟುವಂತಿರಲಿಲ್ಲ. ಕೂಲಿಯೆಂದರೆ ಸುಗ್ಗಿಯಲ್ಲಿ ಕಣದಿಂದ ಅಳೆದು ಕೊಡುತ್ತಿದ್ದ ಆಯದ ರಾಗಿ. ಐವತ್ತು ದಾಟಿದ್ದ ಅವರನ್ನು ಎಂಟು ವರ್ಷದ ನಾನು ‘ಬಾ, ಹೋಗು’ ಎನ್ನುತ್ತಿದ್ದೆ. ಯಾರೂ ತಿದ್ದಲಿಲ್ಲ. ಅವರ ಹೆಸರೇನೆಂದು ಈಚೆಗೆ ಅಮ್ಮನನ್ನು ಕೇಳಿದೆ. ಅಮ್ಮ ಜಾತಿಯ ಹೆಸರು ಹೇಳಿದಳು.

ಈ ಜಾತಿಯ ಹೆಸರಿಗೆ ನಾವು ಮಾಡಿರುವುದನ್ನು ನೋಡಿ. ಅರಬ್ಬಿಯ ‘ಹಜ್ಜಾಮ್’ ಎಂದರೆ ಕೆಟ್ಟ ರಕ್ತ ತೆಗೆದು ರೋಗ ವಾಸಿಮಾಡುವವನು, ಒಂದು ಬಗೆಯ ವೈದ್ಯ. ಕನ್ನಡಕ್ಕೆ ಬರುವಷ್ಟರಲ್ಲಿ ಅದು ಬೈಗುಳ. ಸಾಹಿತ್ಯ ಗೋಷ್ಠಿ ಮುಗಿದು ಊಟಕ್ಕೆ ಕೂತಾಗ ಕೆಲಸಕ್ಕೆ ಬಾರದ ವಿಮರ್ಶಕನನ್ನು ಆ ಪದದಿಂದ ಕರೆದು ನಗುವವರನ್ನು ನಾನು ಕಂಡಿದ್ದೇನೆ. ನಕ್ಕವರಲ್ಲಿ ನಾನೂ ಇದ್ದೆ. ಮೋಸ ಮಾಡಿದ ಎನ್ನಲು ‘ತಲೆ ಬೋಳಿಸಿದ’ ಎನ್ನುತ್ತೇವೆ. ತಲೆ ಬೋಳಿಸಿಯೇ ಬದುಕಿದವರು ನಮಗೆ ಮಾಡಿದ ಮೋಸ ಯಾವುದು?

ಎಂ.ಎ. ತರಗತಿಯಲ್ಲಿ ನಮ್ಮ ಮೇಷ್ಟರು, ಸಾಮರ್ಸೆಟ್ ಮಾಮ್ 1944ರ ತನ್ನ ಕಾದಂಬರಿಗೆ ಹೆಸರನ್ನು ಕಠೋಪನಿಷತ್ತಿನಿಂದ ಪಡೆದ ಸಂಗತಿಯನ್ನು ಬಹಳ ಅಭಿಮಾನದಿಂದ ಹೇಳುತ್ತಿದ್ದರು. ಆತ್ಮಜ್ಞಾನದ ದಾರಿ ಕ್ಷೌರದ ಕತ್ತಿಯ ಅಲಗಿನಂತೆ ದುರ್ಗಮ ಎಂಬ ಉಪಮೆ ಅದು. ಹೆಮ್ಮೆಯಿಂದ ಟಿಪ್ಪಣಿ ಬರೆದುಕೊಂಡೆವು. ಆ ಅಲಗನ್ನು ಅಷ್ಟು ಹರಿತ ಮಾಡಿದವರು ಯಾರೆಂದು ನಾವೂ ಕೇಳಲಿಲ್ಲ, ಮೇಷ್ಟರೂ ಹೇಳಲಿಲ್ಲ. ಅಲಗು ಉಪನಿಷತ್ತಿನ ಒಳಗೆ ಹೋಯಿತು. ಹಿಡಿದ ಕೈ ಹಿತ್ತಿಲಲ್ಲೇ ನಿಂತಿತು.

ಗೆಳೆಯರು ಇದನ್ನು ಸಜ್ಜನರ ಕಲೆ, ಗಂಡಸಿನ ಹಳೆಯ ಘನತೆ ಎಂದೆಲ್ಲ ಬಣ್ಣಿಸಿದರು. ಯುರೋಪಿನಲ್ಲೂ ಸಿರಿವಂತರ ಗಡ್ಡ ಹೆರೆದದ್ದು ಸೇವಕರು ಮತ್ತು ಕ್ಷೌರಿಕರು. ತನ್ನ ಗಡ್ಡವನ್ನು ತಾನೇ ಬೋಳಿಸಿಕೊಳ್ಳುವುದನ್ನು ಕಲಿಸಲು ಪ್ಯಾರಿಸ್ಸಿನ ಕತ್ತಿ ತಯಾರಕ ಪೆರೆ 1769ರಲ್ಲಿ ಒಂದು ಪುಸ್ತಕವನ್ನೇ ಬರೆಯಬೇಕಾಯಿತು. ನಮ್ಮಲ್ಲಂತೂ ಈ ಕತ್ತಿಯ ಕಥೆ ಗಂಡಸರ ಗಡ್ಡದಲ್ಲಿ ಮುಗಿಯುವುದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಚಿತ್ರದ ಕೊನೆಯಲ್ಲಿ ತಲೆ ಬೋಳಿಸಿಕೊಂಡು ಕೂತ ಯಮುನಕ್ಕನನ್ನು ಕಂಡವರಿಗೆ ಅದು ಗೊತ್ತು. ಮುಂಬಯಿಯಲ್ಲಿ 1890ರಲ್ಲಿ ಸತ್ಯಶೋಧಕ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಕ್ಷೌರಿಕರು ಒಟ್ಟಾಗಿ, ಇನ್ನು ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ಕತ್ತಿ ಕೆಳಗಿಟ್ಟರು. ಘನತೆಯ ಮಾತೇ ಬೇಕಿದ್ದರೆ ಅಲ್ಲಿಂದ ಆರಂಭಿಸಬಹುದಲ್ಲ?

ಗೆಳೆಯರ ಆಕ್ಷೇಪವೂ ಪೊಳ್ಳಲ್ಲ. ಯಾವ ಕಸುಬೂ ಯಾವ ಕುಲದ ಸೊತ್ತೂ ಆಗಬಾರದು, ಯಾರು ಬೇಕಾದರೂ ಕತ್ತಿ ಹಿಡಿಯುವಂತಾದರೆ ಜಾತಿಯ ಗಂಟು ಸಡಿಲವಾಯಿತೆಂದೇ ಅರ್ಥವಲ್ಲವೆ ಎಂದು ಕೇಳಿದರು. ಒಪ್ಪುತ್ತೇನೆ. ಕ್ಷೌರಿಕರ ಮಗ ಬೇರೆ ಕೆಲಸ ಹುಡುಕಿಕೊಳ್ಳಲಿ, ನನ್ನ ಗಡ್ಡವನ್ನು ನಾನೇ ಬೋಳಿಸಿಕೊಳ್ಳುತ್ತೇನೆ. ಆದರೆ ಗಂಟು ಸಡಿಲವಾದದ್ದು ಒಂದೇ ತುದಿಯಲ್ಲಿ. ನಾನು ಕತ್ತಿ ಹಿಡಿದರೆ ಅದು ಹವ್ಯಾಸ, ಅವರು ಹಿಡಿದರೆ ಕುಲ. ನನ್ನ ಗಾಯದ ಕಥೆಗೆ ಕಚೇರಿಯಲ್ಲಿ ಕೇಳುಗರಿದ್ದಾರೆ. ಇಟ್ಟಿಗೆಯ ಮುಂದೆ ಬಾಗಿ ಬಾಗಿ ಸೋತ ಅವರ ಸೊಂಟದ ಕಥೆಗಿಲ್ಲ. ವೀಣೆ ಕಲಿತವರು ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ಕತ್ತಿ ಕಲಿತವರು ಕಂಪನಿಯ ಹೆಸರು ಹೇಳುತ್ತಾರೆ.

ನನಗೆ ಕಲಿಸಿದವರ ಹೆಸರನ್ನು ನಾನೂ ಇಲ್ಲಿ ಬರೆದಿಲ್ಲ. ಬರೆಯುವುದು ಬೇಡವೆಂದು ಅವರೇ ಹೇಳಿದರು. ಕೇಳಿ ತಿಳಿದುಕೊಂಡಿದ್ದೇನೆ, ಹೆಸರಿನಿಂದಲೇ ಕರೆಯುತ್ತೇನೆ, ಮುಂದೆ ‘ಜೀ’ ಸೇರಿಸಿ. ಎರಡು ತಿಂಗಳಾಯಿತು, ಗದ್ದದ ಕೆಳಗೆ ಇನ್ನೂ ಕೈ ನಡುಗುತ್ತದೆ.

ಸಾಣೆ ಹಿಡಿಸಲು ಒಳ್ಳೆಯ ಜಾಗ ಯಾವುದೆಂದು ಮೊನ್ನೆ ಗೆಳೆಯರು ಫೋನಿನಲ್ಲಿ ಕೇಳಿದರು. ಬೆಂಗಳೂರಿನ ಯಾವ ಬೀದಿಯಲ್ಲಾದರೂ ಸಿಕ್ಕಾರು, ಮೊದಲು ಹೆಸರು ಕೇಳಿ ಎಂದೆ. ಇಲ್ಲಿಗೇ ಬರುವುದಾದರೆ ಬೋಸ್‌ಪುಕುರಿನ ಗೋಡೆಯ ಬಳಿ ಬೆಳಿಗ್ಗೆ ಏಳರಿಂದ ಇರುತ್ತಾರೆ; ಭಾನುವಾರ ಜನ ಹೆಚ್ಚು, ಇಟ್ಟಿಗೆಯ ಮೇಲೆ ಸರದಿಗೆ ಕಾಯಬೇಕಾಗುತ್ತದೆ.