ಆಟ ಆಡಿ ರಾಜ್ಯ ಕಳೆದ ದೊರೆಯಂತೆ!

ಕಳೆದ ದಸರಾದಲ್ಲಿ ವೆಸ್ಟ್ ಮಾಂಬಲಂನ ಪರಿಚಯದ ಕನ್ನಡದವರ ಮನೆಗೆ ಗೊಂಬೆ ನೋಡಲು ಹೋಗಿದ್ದೆವು. ಇಲ್ಲಿ ಚೆನ್ನೈನಲ್ಲಿ ಇದಕ್ಕೆ ಕೊಲು ಅಂತಾರೆ. ಮೆಟ್ಟಿಲ ಮೇಲೆ ನಮ್ಮ ಕಡೆಯ ಪಟ್ಟದ ಗೊಂಬೆ, ಕೈಗೆ ಇಲ್ಲಿಯ ಸುಂಡಲ್. ಮನೆಯ ಹುಡುಗ ಹನ್ನೆರಡನೇ ಕ್ಲಾಸು. ಮೂಲೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಏನೋ ಆಡ್ತಿದ್ದ. ಏನಪ್ಪ ಅದು ಅಂದೆ.

"ಫೈನಲ್ ಫ್ಯಾಂಟಸಿ ಅಂಕಲ್. ಇದನ್ನ ಶುರು ಮಾಡಿದ್ದು ಸಕಗುಚಿ ಅಂತ ಜಪಾನಿನವರು. ನಾನೂ ಅವರ ಥರ ಗೇಮ್ ಡಿಸೈನರ್ ಆಗ್ತೀನಿ."

ಅವನ ತಾತ ಅಲ್ಲೇ ಇದ್ದರು. "ನಮ್ಮ ಮೈಸೂರಲ್ಲೂ ಹಿಂಗೇ ಒಬ್ಬ ದೊರೆ ಇದ್ದ ಕಣೋ. ಪಗಡೆ, ಇಸ್ಪೀಟು ಅಂತ ಕೂತು ರಾಜ್ಯಾನೇ ಇಂಗ್ಲಿಷರ ಕೈಗೆ ಕೊಟ್ಟ. ಆಡಿ ಉದ್ಧಾರ ಆದವರು ಯಾರಿದ್ದಾರೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗ ಮಾತ್ರ ಕಂಪ್ಯೂಟರ್ ಮುಚ್ಚಿ ಎದ್ದು ಹೋದ.

ಆ ನಗು ತಪ್ಪು ಅಂತ ಮನೆಗೆ ಬಂದ ಮೇಲೆ ಅನ್ನಿಸಿತು. ಒಂದು, ಆ ಕತೆ ಸುಳ್ಳು. ಎರಡು, ಆ ಸುಳ್ಳನ್ನೇ ನಾವು ನಮ್ಮ ಮಕ್ಕಳ ತಲೆಗೆ ಕುಟ್ಟುತ್ತಿದ್ದೇವೆ.

ಮೊದಲು ಲೆಕ್ಕ ನೋಡೋಣ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ತಿರುವಿದವನಿಗೆ ಬರೋದು ಅಷ್ಟೇ ತಾನೆ! ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. ಟಿಪ್ಪು ಸತ್ತ ಮೇಲೆ 1799ರಲ್ಲಿ ಈ ಮಗುವನ್ನ ಇಂಗ್ಲಿಷರು ಪಟ್ಟಕ್ಕೆ ಕೂರಿಸಿದರು. ಹತ್ತು ಹನ್ನೆರಡು ವರ್ಷ ಆಡಳಿತವೆಲ್ಲ ದಿವಾನ್ ಪೂರ್ಣಯ್ಯನವರದು. ಕಂಪನಿಗೆ ಮಾತ್ರ ಒಪ್ಪಂದದ ಪ್ರಕಾರ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ ಕಟ್ಟಬೇಕು, ಮಳೆ ಬರಲಿ ಬಿಡಲಿ. 1830-31ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನ ಮುಂದಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಆಡಳಿತ ಕಿತ್ತುಕೊಂಡ. 1834ರಲ್ಲಿ ಅದೇ ಬೆಂಟಿಂಕ್ ರಾಜ್ಯದ ಒಂದು ಭಾಗವನ್ನಾದರೂ ವಾಪಸ್ ಕೊಡೋಣ ಅಂದ, ಲಂಡನ್ನಿನವರು ಒಪ್ಪಲಿಲ್ಲ.

ದೊರೆಯ ಕೈ ದೊಡ್ಡದು, ಸಾಲ ಇತ್ತು, ಅಮಲ್ದಾರರ ಮೇಲೆ ಹಿಡಿತ ಇರಲಿಲ್ಲ. ಇದನ್ನೆಲ್ಲ ನಾನು ಮುಚ್ಚಿಡಲ್ಲ. ರೈತರ ಸಂಕಟವೂ ನಿಜ. ಆದರೆ ಈ ಪಟ್ಟಿಯಲ್ಲಿ ಪಗಡೆ ಎಲ್ಲಿದೆ ಸ್ವಾಮಿ? ಅವರ ಹೆಸರಲ್ಲಿ ಉಳಿದಿರುವ ಆಟದ ಪಟ, ಪುಸ್ತಕಗಳಲ್ಲಿ ಹೆಚ್ಚಿನವು ಅಧಿಕಾರ ಹೋದ ಮೇಲಿನವು. ಕೆಲಸ ಕಳೆದುಕೊಂಡಾಗ ಅವರಿಗೆ ಮೂವತ್ತೇಳು ವರ್ಷ. ಆಮೇಲೆ 1868ರಲ್ಲಿ ತೀರಿಕೊಳ್ಳುವವರೆಗೂ ಸುಮಾರು ಅಷ್ಟೇ ವರ್ಷ ಬದುಕಿದರು. ಪಿಂಚಣಿಯ ಕೊರತೆ ಇರಲಿಲ್ಲ. ಸುಮ್ಮನೆ ಉಂಡು ಮಲಗಬಹುದಿತ್ತು. ಅವರು ಮಲಗಲಿಲ್ಲ.

ಏನು ಮಾಡಿದರು? 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆಗೆದರು, ಮುಂದೆ ಮಹಾರಾಜ ಕಾಲೇಜಾಗಿ ಬೆಳೆದದ್ದು ಅದೇ. ಪಂಡಿತರನ್ನೂ ಚಿತ್ರಕಾರರನ್ನೂ ಕೂರಿಸಿಕೊಂಡು ಶ್ರೀತತ್ತ್ವನಿಧಿ ಬರೆಸಿದರು. ಅದರಲ್ಲಿ ಒಂಬತ್ತು ನಿಧಿಗಳು, ಕೊನೆಯದು ಕೌತುಕನಿಧಿ. ಈ ಕೌತುಕನಿಧಿಯ ಒಂದು ಭಾಗವನ್ನ ಇವತ್ತು ಜಗತ್ತೇ ಬಲ್ಲದು. ಅದರಲ್ಲಿರೋ 122 ಯೋಗಾಸನಗಳ ಚಿತ್ರಗಳನ್ನ ಯೋಗಾನ್ ಎಂಬ ವಿದ್ವಾಂಸರು... ಕ್ಷಮಿಸಿ, ಯೋಗದ ಗುಂಗಲ್ಲಿ ಹೆಸರೇ ತಪ್ಪಿತು, ಶೋಮನ್ ಎಂಬ ವಿದ್ವಾಂಸರು 1996ರಲ್ಲಿ ಪುಸ್ತಕ ಮಾಡಿ ಹೊರತಂದರು. ಈಗ ಅಮೆರಿಕದವರೂ ಮೈಸೂರು ಯೋಗ ಅಂತ ಕೈಮುಗೀತಾರೆ, ನಾವೂ ಎದೆ ಉಬ್ಬಿಸ್ತೀವಿ. ಅದೇ ಕೌತುಕನಿಧಿಯಲ್ಲೇ ದೊರೆಯ ಎಲೆಯಾಟಗಳೂ ಇವೆ. ಒಂದೇ ಪುಸ್ತಕ! ಅದರ ಆಸನ ಹೆಮ್ಮೆ, ಆಟ ಮಾತ್ರ ಅವಮಾನ. ಇದು ಯಾವ ನ್ಯಾಯ?

ಆ ಆಟಗಳನ್ನ ಸ್ವಲ್ಪ ನೋಡಿ. ನಮ್ಮ ಇಸ್ಪೀಟಿನಲ್ಲಿ ಇಸ್ಪೀಟು, ಆಟೀನು, ಡೈಮನ್ನು, ಕಳಾವರು ಅಂತ ನಾಲ್ಕು ಜಾತಿ, 52 ಎಲೆ. ಮೊಗಲರ ಗಂಜೀಫಾದಲ್ಲಿ ಎಂಟು ಜಾತಿ, 96 ಎಲೆ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರ, 120 ಎಲೆ. ಮುಮ್ಮಡಿಯವರು ಅಲ್ಲಿಗೆ ನಿಲ್ಲಲಿಲ್ಲ. ಅವರು ಕಲ್ಪಿಸಿದ ಆಟಗಳಿಗೆ ಛದ ಅಂತ ಹೆಸರು, ಎಲೆ ಅಂತ ಅರ್ಥ. ಕೆಲವಕ್ಕೆ 18 ಜಾತಿ, 360 ಎಲೆಯವರೆಗೂ ಹೋಗುತ್ತೆ. ಸಾಮಾನ್ಯವಾಗಿ ಒಂದು ಜಾತಿಯಲ್ಲಿ ಅಂಕಿಯ ಎಲೆ ಹನ್ನೆರಡು, ರಾಜ, ಮಂತ್ರಿ ಮುಂತಾದ ಚಿತ್ರದ ಎಲೆ ಆರು. ಆಟದುದ್ದಕ್ಕೂ ಬದಲಾಗದ ತುರುಫು, ಜೋಕರ್ ಥರದ ಎಲೆ, ಎಲ್ಲ ಇದೆ. ಪುರಾಣದ ಇಡೀ ಪರಿವಾರವನ್ನ ನಿಯಮಕ್ಕೆ ಇಳಿಸೋದು ಅಂದರೆ ಹುಡುಗಾಟವಾ?

ಇನ್ನು ಚದುರಂಗ. ಕುದುರೆಯೊಂದನ್ನೇ ನಡೆಸಿ, 64 ಮನೆಗೂ ಒಂದೊಂದೇ ಸಲ ಕಾಲಿಡಿಸಬೇಕು. ಒಂಬತ್ತನೇ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲೇ ಕುದುರೆ ನಡೆಯ ಪದ್ಯಬಂಧ ಇದೆ, 1759ರಲ್ಲಿ ಆಯ್ಲರ್‌ನಂಥ ಗಣಿತಜ್ಞ ಇದಕ್ಕೆ ತಲೆ ಕೆಡಿಸಿಕೊಂಡಿದ್ದ. ಅದೇ ಸಮಸ್ಯೆಗೆ ಮುಮ್ಮಡಿಯವರು ಬಿಡಿಸಿದ ಉತ್ತರಗಳು ಇವತ್ತಿಗೂ ಚದುರಂಗದ ಚರಿತ್ರೆಯಲ್ಲಿ ಬರುತ್ತವೆ. ದೇವೀ ಸಾಯುಜ್ಯ ಅಂತ ಇನ್ನೊಂದು ಆಟ. ಹೆಸರೇ ಹೇಳುವಂತೆ ಕಾಯಿ ಕೊನೆಗೆ ಸೇರಬೇಕಾದ್ದು ದೇವಿಯನ್ನ. ಆಡುವವನು ಒಬ್ಬ ಯಾತ್ರಿಕ, ದಾರಿಯಲ್ಲಿ ಅಡ್ಡಿ, ಕೊನೆಯಲ್ಲಿ ಗುರಿ. ಆ ಹುಡುಗ ಆಡ್ತಿದ್ದ ಜಪಾನಿನ ಆಟದ ಹೂರಣವೂ ಇದೇ ಅಲ್ವಾ? ಪಾತ್ರವಾಗು, ಪಯಣ ಹೊರಡು, ಬೆಳೆ, ಮುಟ್ಟು.

ತಡೀರಿ, ಇದನ್ನ ಓದಿ "ವಿಡಿಯೋ ಗೇಮ್ ಕಂಡುಹಿಡಿದದ್ದೇ ಮೈಸೂರಿನವರು, ಶೇರ್ ಮಾಡಿ" ಅಂತ ವಾಟ್ಸಾಪಿನಲ್ಲಿ ಕಳಿಸೋಕೆ ಹೊರಟವರಿಗೂ ಒಂದು ಮಾತು. ದಯವಿಟ್ಟು ಬೇಡ. ದೊರೆಯ ಛದ ಆಟಗಳು ಜನಕ್ಕೆ ಹತ್ತಲಿಲ್ಲ. 360 ಎಲೆ ಯಾರ ಕೈಯಲ್ಲಿ ಹಿಡಿಯುತ್ತೆ? ನಿಯಮ ಯಾರ ತಲೆಯಲ್ಲಿ ನಿಲ್ಲುತ್ತೆ? ಕೆಲವು ಆಟಗಳನ್ನ ಅರಮನೆಯಾಚೆ ಯಾರಾದರೂ ಆಡಿದರೋ ಅನ್ನೋದೇ ಅನುಮಾನ. ಆಟ ಕಟ್ಟುವವನಾಗಿ ಅವರ ದೊಡ್ಡ ಸೋಲು ಅದು. ಆದರೆ ಸೋತ ಅನ್ನೋದು ಬೇರೆ, ಸೋಮಾರಿ ಅನ್ನೋದು ಬೇರೆ. ಕೆಲಸ ಮಾಡಿದವನು ಮಾತ್ರ ಸೋಲೋಕೆ ಸಾಧ್ಯ.

ಈಗ ಆ ಸಕಗುಚಿಯ ಕತೆ ಕೇಳಿ. ಹಿರೊನೊಬು ಸಕಗುಚಿ ಕಾಲೇಜು ಅರ್ಧಕ್ಕೆ ಬಿಟ್ಟು ಸ್ಕ್ವೇರ್ ಅನ್ನೋ ಕಂಪನಿ ಸೇರಿದವರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹಾಳಾದ ಹುಡುಗ. ಮೊದಲ ಆಟಗಳು ಅಷ್ಟೇನೂ ಓಡಲಿಲ್ಲ. 1987ರಲ್ಲಿ ಬಂದ ಫೈನಲ್ ಫ್ಯಾಂಟಸಿ ಓಡಿತು. ಹತ್ತು ವರ್ಷದ ಮೇಲೆ ಅದರ ಏಳನೇ ಭಾಗ ಜಗತ್ತನ್ನೇ ಸುತ್ತಿತು. ಆಮೇಲೆ ಸಿನಿಮಾ ಮಾಡ್ತೀನಿ ಅಂತ ಹೊರಟರು. 2001ರಲ್ಲಿ ಬಂದ ಆ ಚಿತ್ರಕ್ಕೆ ಖರ್ಚು ಸುಮಾರು 137 ಮಿಲಿಯನ್ ಡಾಲರ್, ಗಳಿಕೆ 85 ಮಿಲಿಯನ್ ಆಸುಪಾಸು. ನಮ್ಮ ಕಡೆಯಾಗಿದ್ದರೆ ಮುಖ ಎತ್ತಿ ಓಡಾಡೋಕೆ ಬಿಡ್ತಿದ್ದೆವಾ? ಅವರು ಹಳೇ ಕಂಪನಿ ಬಿಟ್ಟು 2004ರಲ್ಲಿ ಮಿಸ್ಟ್‌ವಾಕರ್ ಅಂತ ಚಿಕ್ಕದೊಂದು ಕಟ್ಟಿದರು. 2021ರಲ್ಲಿ ಬಂದ ಅವರ ಫ್ಯಾಂಟೇಸಿಯನ್ ಆಟಕ್ಕೆ ಕೈಯಲ್ಲೇ ಮಾಡಿದ 150ಕ್ಕೂ ಹೆಚ್ಚು ಪುಟ್ಟ ಮಾದರಿಗಳನ್ನ ಫೋಟೋ ತೆಗೆದು ಹಿನ್ನೆಲೆ ಮಾಡಿದ್ದಾರೆ. ನಮ್ಮ ದಸರಾ ಗೊಂಬೆಯ ಪಾರ್ಕು, ಬೆಟ್ಟ, ಕೆರೆ ಇದ್ದ ಹಾಗೇ!

ಅದೇ ವರ್ಷ ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶದೇಶದ ಆಟಗಾರರು ಮೈದಾನಕ್ಕೆ ಬಂದದ್ದು ಯಾವ ಸಂಗೀತಕ್ಕೆ ಗೊತ್ತಾ? ಡ್ರ್ಯಾಗನ್ ಕ್ವೆಸ್ಟ್, ಫೈನಲ್ ಫ್ಯಾಂಟಸಿ ಮುಂತಾದ ವಿಡಿಯೋ ಗೇಮುಗಳ ಸಂಗೀತಕ್ಕೆ. ಆ ದೇಶಕ್ಕೆ ಅದು ನಾಚಿಕೆ ಅನ್ನಿಸಲಿಲ್ಲ. ಅಲ್ಲಿನ ನಿಂಟೆಂಡೊ ಕಂಪನಿ 1889ರಲ್ಲಿ ಕ್ಯೋಟೋದಲ್ಲಿ ಶುರುವಾದದ್ದೇ ಹನಾಫುದಾ ಅನ್ನೋ ಎಲೆಯಾಟದ ಎಲೆ ಮಾಡೋದರಿಂದ. ಎಲೆ ಮಾರಿದ ಅಂಗಡಿ ವಿಡಿಯೋ ಗೇಮಿಗೆ ಬೆಳೆಯಿತು. ನಮ್ಮ ಗಂಜೀಫಾ ಕಲಾವಿದ ಒಂದೊಂದು ಎಲೆಯನ್ನೂ ಕೈಯಲ್ಲಿ ಬರೆದ. ಅಗ್ಗದ ಅಚ್ಚಿನ ಇಸ್ಪೀಟು ಬಂತು, ಗಂಜೀಫಾ ಕನ್ನಡಿ ಕಪಾಟು ಸೇರಿತು.

ಇನ್ನೊಂದು ಭಯ ಇದೆ, ಅದನ್ನೂ ಹೇಳಿಬಿಡ್ತೀನಿ. ಧರ್ಮರಾಯನ ಕಾಲದಿಂದ ನಮಗೆ ಆಟ ಅಂದರೆ ಜೂಜು. ಮೊಬೈಲಿನ ರಮ್ಮಿಯಲ್ಲಿ ಸಂಬಳ, ಒಡವೆ, ಕೊನೆಗೆ ಪ್ರಾಣವನ್ನೂ ಕಳೆದುಕೊಂಡವರ ಸುದ್ದಿಯನ್ನ ಇಲ್ಲಿ ಎಷ್ಟು ಓದಿಲ್ಲ? ತಮಿಳುನಾಡು ಅದರ ವಿರುದ್ಧ ಕಾನೂನು ತಂದಿತು, 2025ರಲ್ಲಿ ಸಂಸತ್ತೂ ತಂದಿತು. ಒಳ್ಳೇದೇ ಆಯ್ತು. ಆದರೆ ದುಡ್ಡು ಕಟ್ಟಿ ಆಡುವವನನ್ನೂ ಆಟ ಕಟ್ಟುವವನನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಚೆನ್ನೈ ಜನಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. 2022ರಲ್ಲಿ ಮಾಮಲ್ಲಪುರದಲ್ಲಿ ಚೆಸ್ ಒಲಿಂಪಿಯಾಡ್ ಆದಾಗ ನೇಪಿಯರ್ ಸೇತುವೆಗೇ ಕಪ್ಪು ಬಿಳಿ ಮನೆ ಬರೆದರು. ವೇಷ್ಟಿ ಉಟ್ಟ ಕುದುರೆಗೆ ತಂಬಿ ಅಂತ ಹೆಸರಿಟ್ಟು ಬೀದಿಬೀದಿಯಲ್ಲಿ ನಿಲ್ಲಿಸಿದರು. 2024ರಲ್ಲಿ ಇಲ್ಲಿನ ಹುಡುಗ ಗುಕೇಶ್ ಹದಿನೆಂಟಕ್ಕೇ ವಿಶ್ವ ಚಾಂಪಿಯನ್ ಆದ. ಆ ತಂಬಿಯನ್ನ ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಕುದುರೆಯನ್ನ 64 ಮನೆ ಸುತ್ತಿಸಿದ ದೊರೆ ನಮ್ಮವನು, ನಾವು ಅವನಿಗೆ ಕೊಟ್ಟ ಬಿರುದು ಸೋಮಾರಿ!

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ಹದಿನೈದು ವರ್ಷದ ಹಿಂದೆ ಇಲ್ಲಿನ ಒಂದು ಬ್ರಾಂಚಿನಲ್ಲಿದ್ದಾಗ ಇಬ್ಬರು ಹುಡುಗರು ಸಾಲಕ್ಕೆ ಬಂದರು. ಒಬ್ಬ ಮಂಡ್ಯ ಕಡೆಯವನು, ನನ್ನ ಕನ್ನಡ ಕೇಳಿ ಮುಖ ಅರಳಿಸಿದ. ಮೊಬೈಲಿಗೆ ಆಟ ಮಾಡಬೇಕಂತೆ. ಮೆಷಿನರಿ ಏನಿದೆ, ಸ್ಟಾಕ್ ಎಷ್ಟು, ಅಡಮಾನಕ್ಕೆ ಏನು ಕೊಡ್ತೀರಿ ಅಂತ ಕೇಳಿದೆ. ಅವನು ಒಂದು ದಪ್ಪ ನೋಟ್‌ಬುಕ್ ಮುಂದಿಟ್ಟ. ನಕ್ಷೆ, ನಿಯಮ, ಚಿತ್ರ. ನಾನು ಎರಡನೇ ಪುಟ ತಿರುವಲಿಲ್ಲ. ಸಾಲ ಕೊಡದೇ ಇದ್ದದ್ದಕ್ಕೆ ನನಗೆ ಈಗಲೂ ಬೇಜಾರಿಲ್ಲ, ಆವತ್ತಿನ ರೂಲ್ಸ್ ಪ್ರಕಾರ ಕೊಡೋ ಹಾಗೇ ಇರಲಿಲ್ಲ. ಆದರೆ ಅವರು ಏಳುವಾಗ ನಾನು ಹೇಳಿದ ಮಾತು ಈಗಲೂ ಚುಚ್ಚುತ್ತೆ. "ಏನಾದ್ರೂ ಕೆಲಸ ಮಾಡ್ರಪ್ಪ" ಅಂದಿದ್ದೆ. ಆ ನೋಟ್‌ಬುಕ್ ಕೆಲಸ ಅಲ್ಲದೆ ಇನ್ನೇನು?

ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್ನು, ಗೇಮಿಂಗು ಅಂತ ನೀತಿ ತಂದಿತ್ತು. ಕಾಗದದ ಮೇಲೆ ಇದು ಉದ್ಯಮ, ನಮ್ಮ ಮನೆಯ ಹಜಾರದಲ್ಲಿ ಮಾತ್ರ ಇನ್ನೂ ದಂಡಪಿಂಡದ ಕೆಲಸ. ಎಲ್ಲ ಮಕ್ಕಳೂ ಸಕಗುಚಿ ಆಗಲ್ಲ, ಬಹಳ ಮಂದಿ ಸೋಲ್ತಾರೆ. ಕೈಯಲ್ಲಿ ಒಂದು ಡಿಗ್ರಿ ಇರಲಿ ಅಂತ ನಾನೂ ಹೇಳ್ತೀನಿ. ಆದರೆ ಅದನ್ನ ಹೇಳೋಕೆ ಸತ್ತ ದೊರೆಯ ಮೇಲೆ ಸುಳ್ಳು ಹೊರಿಸಬೇಕಾಗಿಲ್ಲ.

ಮೊನ್ನೆ ಆ ಹುಡುಗನಿಗೆ ಫೋನ್ ಮಾಡಿದ್ದೆ. ಬೇಸಿಗೆ ರಜೆಗೆ ಮೈಸೂರಿಗೆ ಹೋಗ್ತಾನಂತೆ. ಜಗನ್ಮೋಹನ ಅರಮನೆಯ ಮೇಲಿನ ಅಂತಸ್ತಿಗೆ ಬಿಡ್ತಾರಾ ಕೇಳು, ಬಿಟ್ಟರೆ ಗೋಡೆ ಮೇಲೆ ಬರೆದಿರುವ ಆಟದ ಪಟಗಳನ್ನ ನೋಡಿ ಬಾ ಅಂದೆ. "ಅದನ್ನ ಯಾರು ಡಿಸೈನ್ ಮಾಡಿದ್ದು ಅಂಕಲ್?" ಅಂದ.

"ನಿಮ್ಮ ತಾತ ಹೇಳಿದ್ರಲ್ಲ, ಅದೇ ದೊರೆ" ಅಂದೆ. ತಾತನನ್ನೂ ಜೊತೆಗೆ ಕರಕೊಂಡು ಹೋಗು ಅಂತಲೂ ಹೇಳಿದ್ದೀನಿ.